ಪಿಎಂ ಸೂರ್ಯಘರ್: ಪೋರ್ಟಲ್ ಒಂದೇ, ಹಿಂದಿನ ಮೇಜುಗಳು ಹಲವು

ಮನೆ ತಾರಸಿಯ ಸೋಲಾರ್‌ಗೆ ಕೇಂದ್ರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದೆ. ಪ್ಯಾನೆಲ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇದು ಅರ್ಜಿಯಿಂದ ಸಬ್ಸಿಡಿವರೆಗಿನ ಸೇವೆಯ ವಿಮರ್ಶೆ. ಐದಕ್ಕೆ ಮೂರೂವರೆ ಸ್ಟಾರ್.

ಈ ಯೋಜನೆಗೆ ಕೈ ಹಾಕಿದವರು ಒಬ್ಬಿಬ್ಬರಲ್ಲ. ದುಡ್ಡು ದೆಹಲಿಯ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು, ದೇಶದ ತುಂಬ ನಡೆಸುವ ಹೊಣೆ ವಿದ್ಯುತ್ ಸಚಿವಾಲಯದ ಕೆಳಗಿನ ಆರ್‌ಇಸಿ ಕಂಪನಿಯದ್ದು, ಮೀಟರ್ ಕೂರಿಸುವುದು ಮನೆಗೆ ಕರೆಂಟ್ ಕೊಡುವ ರಾಜ್ಯದ ಕಂಪನಿ ಎಸ್ಕಾಂ, ಗ್ರಿಡ್ಡಿಗೆ ಕೊಟ್ಟ ಯೂನಿಟ್‌ಗೆ ದರ ಹೇಳುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ, ಸಾಲ ಬೇಕಿದ್ದರೆ ಜನಸಮರ್ಥ್ ಅಂತ ಇನ್ನೊಂದು ಪೋರ್ಟಲ್. ಇಷ್ಟಿದ್ದೂ ನನ್ನ ಮುಂದೆ ಬಂದಿದ್ದು ಒಂದೇ ಪರದೆ. ಆರ್‌ಆರ್ ನಂಬರ್ ಹಾಕಿದೆ, ಬಿಲ್ ಅಪ್‌ಲೋಡ್ ಮಾಡಿದೆ, ಮುಂದಿನ ಹಂತಕ್ಕೆ ಹೋಯಿತು. ಮೊದಲೆಲ್ಲ ಇಲ್ಲೇ, ನಮ್ಮ ಸೋಲಾರ್ ಕರೆಂಟನ್ನು ಬೀದಿಯ ಲೈನ್ ತಡೆದುಕೊಳ್ಳುತ್ತಾ ನೋಡಬೇಕು ಅಂತ ಫೈಲು ಕೂರುವ ಭಯ ಇತ್ತು. 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕಿನ ನಿಯಮ ತಿದ್ದಿ, 10 ಕಿಲೋವ್ಯಾಟ್‌ವರೆಗೆ ಆ ಪರಿಶೀಲನೆಯೇ ಬೇಡ ಅಂದರು. ಯೋಜನೆ ಒಂದು ಸಚಿವಾಲಯದ್ದು, ನಿಯಮ ತಿದ್ದಿದ್ದು ಇನ್ನೊಂದು. ಆಗ ಎರಡೂ ಖಾತೆ ಆರ್.ಕೆ. ಸಿಂಗ್ ಒಬ್ಬರ ಹತ್ತಿರವೇ ಇತ್ತು, ಅದೂ ಅನುಕೂಲ ಆಗಿರಬೇಕು ಅಂತ ನನ್ನ ಲೆಕ್ಕ. 2024ರ ಜೂನ್‌ನಲ್ಲಿ ಖಾತೆಗಳು ಬೇರೆಯಾಗಿ, ಸೋಲಾರ್ ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರ ಪಾಲಿಗೆ ಬಂತು.

ಪ್ಯಾನೆಲ್ ವಿಷಯದಲ್ಲಿ ಹುಷಾರು. ಸಬ್ಸಿಡಿ ಬೇಕಿದ್ದರೆ ಪ್ಯಾನೆಲ್ ಅಷ್ಟೇ ಅಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ನಾನು ಮೊದಲು ವಿಚಾರಿಸಿದ ವೆಂಡರ್, ಕಡಿಮೆ ರೇಟಿಗೆ ಬೇರೆ ಪ್ಯಾನೆಲ್ ಹಾಕಿಕೊಡುತ್ತೇನೆ, ಸಬ್ಸಿಡಿ ಆಮೇಲೆ ನೋಡೋಣ ಅಂದ. ಆಮೇಲೆ ಯಾರು ನೋಡುತ್ತಾರೆ? ಅವನನ್ನು ಬಿಟ್ಟೆ.

ಸ್ಟಾರ್ ಕಳೆದಿದ್ದು ಮೀಟರ್ ಹಂತದಲ್ಲಿ. ಪ್ಯಾನೆಲ್ ಎರಡೇ ದಿನದಲ್ಲಿ ಏರಿತು, ಒಳಗೆ ಬರುವ, ಹೊರಗೆ ಹೋಗುವ ಎರಡೂ ಕರೆಂಟ್ ಎಣಿಸುವ ಮೀಟರ್‌ಗೆ ಐದು ವಾರ ಕಾದೆ. ‘ಮೀಟರ್ ಟೆಸ್ಟಿಂಗ್‌ಗೆ ಹೋಗಿದೆ ಸಾರ್’ ಅಂತ ಆಫೀಸಿನಲ್ಲಿ ಒಬ್ಬರು, ‘ನಮಗಿನ್ನೂ ಬಂದೇ ಇಲ್ಲ’ ಅಂತ ಪಕ್ಕದ ಮೇಜಿನವರು. ಇಬ್ಬರ ನಡುವೆ ನಾಲ್ಕು ಅಡಿ ದೂರ! ಬಿಸಿಲು ಕಾಯುತ್ತಿತ್ತು, ಪ್ಯಾನೆಲ್ ಸುಮ್ನೆ ಮಲಗಿತ್ತು. ಮೀಟರ್ ಬಂದ ಮೇಲೆ ಮಾತ್ರ ತಕರಾರಿಲ್ಲ, 78,000 ರೂಪಾಯಿ ನೇರ ಖಾತೆಗೆ ಬಿತ್ತು.

ಇನ್ನೊಂದು ತಮಾಷೆ. ಕೇಂದ್ರ 2024ರ ಫೆಬ್ರವರಿಯಲ್ಲಿ 75,021 ಕೋಟಿ ಎತ್ತಿಟ್ಟು, ಒಂದು ಕೋಟಿ ಮನೆಗೆ ಸೋಲಾರ್ ಹಾಕಿ ಅನ್ನುತ್ತೆ. ನಮ್ಮ ರಾಜ್ಯ 2023ರಿಂದಲೇ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಕಟ್ಟಬೇಡಿ ಅನ್ನುತ್ತೆ. ಎರಡೂ ಒಳ್ಳೆಯದೇ ಇರಬಹುದು, ಆದರೆ ಒಂದರ ಕಾಲಿಗೆ ಇನ್ನೊಂದು ಸಿಕ್ಕಿಕೊಂಡಿದೆ ಅಲ್ವಾ? ಎದುರು ಮನೆ ಅಂಕಲ್ ಬಂದು ಪ್ಯಾನೆಲ್ ನೋಡಿ, ಖರ್ಚು ಕೇಳಿ, ತಮ್ಮ ಸೊನ್ನೆ ಬಿಲ್ ತೋರಿಸಿ ಕಾಫಿ ಕುಡಿದು ಹೋದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆ ಬಳಕೆ 300 ದಾಟುತ್ತೆ, ಹಾಗಾಗಿ ನಮಗೆ ಗಿಟ್ಟಿತು.

ಅರ್ಜಿ ಹಾಕುವ ಮೊದಲು ಕರೆಂಟ್ ಬಿಲ್ ಯಾರ ಹೆಸರಲ್ಲಿದೆ ನೋಡಿ. ನಮ್ಮದು ತೀರಿಕೊಂಡ ಅಪ್ಪನ ಹೆಸರಲ್ಲೇ ಇತ್ತು, ಅದನ್ನು ಬದಲಾಯಿಸಲು ಒಂದು ತಿಂಗಳು ಹಿಡಿಯಿತು.