ಸ್ಟಿಕಿ ಕೀಸ್, ಪವರ್‌ಟಾಯ್ಸ್, ಮ್ಯಾಕ್ರೋ ಪ್ಯಾಡ್: ನೋಯುವ ಕೈಗೆ ಯಾವುದು ಹಿತ?

ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾದಂದಿನಿಂದ ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳನ್ನು ಬೇರೆ ಕೀಲಿಯ ಜೊತೆಗೆ ಒತ್ತಿ ಹಿಡಿಯುವುದು ನನಗೆ ಕಷ್ಟವಾಗಿದೆ. ಇದಕ್ಕೆಂದು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಮ್ಯಾಕ್ರೋ ಪ್ಯಾಡ್ ಎಂಬ ಕೆಲವೇ ಗುಂಡಿಗಳ ಪುಟ್ಟ ಕೀಲಿಮಣೆ, ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ ಪವರ್‌ಟಾಯ್ಸ್ ಮತ್ತು ವಿಂಡೋಸ್‌ನಲ್ಲೇ ಇರುವ, ಕೀಲಿಗಳನ್ನು ಒಟ್ಟಿಗೆ ಹಿಡಿಯದೆ ಒಂದಾದ ಮೇಲೊಂದು ಒತ್ತಲು ಬಿಡುವ ಸ್ಟಿಕಿ ಕೀಸ್ ಮೂರನ್ನೂ ಬಳಸಿ ನೋಡಿದೆ. ದುಡ್ಡು ಕೊಟ್ಟು ತಂದದ್ದು ಮನೆಯ ಕಪಾಟಿನಲ್ಲಿದೆ. ಪುಕ್ಕಟೆಯಾಗಿ ಸಿಕ್ಕ ಸ್ಟಿಕಿ ಕೀಸ್ ದಿನವಿಡೀ ಕೆಲಸ ಮಾಡುತ್ತಿದೆ.

ಮ್ಯಾಕ್ರೋ ಪ್ಯಾಡ್ ಕೆಟ್ಟ ವಸ್ತುವಲ್ಲ. ಒಂದು ಗುಂಡಿ ಒತ್ತಿದರೆ ಮೂರು ಕೀಲಿಗಳ ಕೆಲಸ ಆಗುತ್ತದೆ. ಆದರೆ ಗುಂಡಿಯ ಕೆಲಸ ಬದಲಿಸಲು ಅದರದೇ ತಂತ್ರಾಂಶ ಬೇಕು, ಫೋರ್ಟ್‌ನ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಹೊರಗಿನ ತಂತ್ರಾಂಶ ಹಾಕಲು ಅನುಮತಿಯಿಲ್ಲ. ಡೊಂಬಿವಲಿಯಿಂದ ಲೋಕಲ್‌ನ ನೂಕುನುಗ್ಗಲಿನಲ್ಲಿ ಅದನ್ನು ದಿನವೂ ಚೀಲದಲ್ಲಿ ಹೊತ್ತು ತರುವುದೂ ಬೇಡವೆನಿಸಿತು.

ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್‌ನಿಂದ ಮನೆಯಲ್ಲಿ ಕ್ಯಾಪ್ಸ್ ಲಾಕ್ ಕೀಲಿಯನ್ನೇ ಕಂಟ್ರೋಲ್ ಕೀಲಿಯಾಗಿ ಬದಲಿಸಿಕೊಂಡಿದ್ದೇನೆ. ಆ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಮಾತ್ರ ಬದಲಾವಣೆ ಉಳಿಯುತ್ತದೆ, ಲಾಗಿನ್ ಪರದೆಯಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೀಲಿಯ ಜಾಗ ಬದಲಾಗುತ್ತದೆಯೇ ಹೊರತು ಒತ್ತಿ ಹಿಡಿಯುವ ಶ್ರಮ ತಪ್ಪುವುದಿಲ್ಲ.

ಆ ಶ್ರಮವನ್ನೇ ತಪ್ಪಿಸುವುದು ಸ್ಟಿಕಿ ಕೀಸ್. ಶಿಫ್ಟ್ ಕೀಲಿಯನ್ನು ಬೆನ್ನುಬೆನ್ನಿಗೆ 5 ಸಲ ಒತ್ತಿದರೆ ಅದನ್ನು ಚಾಲೂ ಮಾಡಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ಎಕ್ಸೆಲ್‌ನಲ್ಲಿ ಪೇಸ್ಟ್ ಸ್ಪೆಷಲ್ ಬೇಕಿದ್ದರೆ ಕಂಟ್ರೋಲ್, ಆಲ್ಟ್, ವಿ ಎಂದು ಒಂದಾದ ಮೇಲೊಂದು ಒತ್ತಿದರಾಯಿತು. ನಡುವೆ ಕೈಯೆತ್ತಿ ಚಹಾ ಕುಡಿದರೂ ಕಂಪ್ಯೂಟರ್ ಕಾಯುತ್ತದೆ. ಕನ್ನಡ ಬರೆಯುವವರಿಗೆ ಇದರ ಲಾಭ ಇನ್ನೂ ಹೆಚ್ಚು, ಏಕೆಂದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಮಹಾಪ್ರಾಣಗಳೂ ಬಿಡಿ ಸ್ವರಗಳೂ ಶಿಫ್ಟ್‌ನಲ್ಲಿವೆ. ‘ಅಭ್ಯಾಸ’ ಎಂದು ಬರೆಯಲು ಮೊದಲ ಎರಡು ಅಕ್ಷರಗಳಿಗೂ ಶಿಫ್ಟ್ ಬೇಕು. ಆಗ ಶಿಫ್ಟನ್ನು 2 ಸಲ ಒತ್ತಿದರೆ ಅದು ಬೀಗ ಹಾಕಿದಂತೆ ನಿಲ್ಲುತ್ತದೆ, ‘ಅ’, ‘ಭ’ ಮೂಡಿದ ಮೇಲೆ ಮತ್ತೊಮ್ಮೆ ಒತ್ತಿದರೆ ಬಿಡುಗಡೆ. ಆಲ್ಟನ್ನೂ ಹೀಗೆಯೇ ನಿಲ್ಲಿಸಿ, ಟ್ಯಾಬ್ ಒತ್ತುತ್ತಾ ಬೇಕಾದ ಕಿಟಕಿಗೆ ಹೋಗಬಹುದು.

ಇಷ್ಟೆಲ್ಲ ಸೌಕರ್ಯದ ನಡುವೆ ನನ್ನನ್ನು ತುಂಬ ಕಾಡಿದ್ದು ಒಂದೇ ಒಂದು ತೊಡಕು. ನಮ್ಮ ಕಚೇರಿಯಲ್ಲಿ ಒಂದೇ ಕಂಪ್ಯೂಟರನ್ನು, ಒಂದೇ ಲಾಗಿನ್‌ನಲ್ಲಿ, ಇಬ್ಬರು ಬಳಸುತ್ತೇವೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಸ್ಟಿಕಿ ಕೀಸ್ ಆರಿಹೋಗಿರುತ್ತಿತ್ತು. ಮತ್ತೆ ಹಚ್ಚುತ್ತಿದ್ದೆ, ಮತ್ತೆ ಆರುತ್ತಿತ್ತು. ಕಂಟ್ರೋಲ್ ಒತ್ತಿ ಬಿಟ್ಟು, ಆಮೇಲೆ ಸಿ ಒತ್ತಿದರೆ, ಆಯ್ದ ಇಡೀ ಪ್ಯಾರಾ ಅಳಿಸಿ ಅದರ ಜಾಗದಲ್ಲಿ ಒಂಟಿ ‘ಸಿ’ ಕೂತಿರುತ್ತಿತ್ತು.

ಕಾರಣ ಸೆಟ್ಟಿಂಗ್ಸ್‌ನಲ್ಲೇ ಇತ್ತು. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ತಾನಾಗಿ ನಿಲ್ಲಬೇಕು ಎಂಬ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ. ಸಹೋದ್ಯೋಗಿ ಎಂದಿನಂತೆ ಕಂಟ್ರೋಲ್ ಹಿಡಿದು ಸಿ ಒತ್ತಿದೊಡನೆ ನನ್ನ ಸೌಲಭ್ಯ ಹೋಗುತ್ತಿತ್ತು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್, ಅಲ್ಲಿ ಸ್ಟಿಕಿ ಕೀಸ್ ವಿಭಾಗ ತೆರೆದು ಆ ಆಯ್ಕೆಯನ್ನು ಆಫ್ ಮಾಡಿದೆ. ಈಗ ಅವರು ಹಳೆಯ ರೀತಿಯಲ್ಲಿ, ನಾನು ನನ್ನ ರೀತಿಯಲ್ಲಿ ಒಂದೇ ಕೀಲಿಮಣೆ ಬಳಸುತ್ತೇವೆ.

ಮ್ಯಾಕ್‌ನ ಸ್ಟಿಕಿ ಕೀಸ್‌ನಲ್ಲಿ ಒತ್ತಿದ ಕೀಲಿಯ ಗುರುತು ಪರದೆಯ ಮೂಲೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ವಿಂಡೋಸ್‌ನಲ್ಲಿ ಟಾಸ್ಕ್‌ಬಾರ್‌ನ ಸಣ್ಣ ಚಿತ್ರವೇ ಗತಿ.

ವಿಡಿಯೋ ಎಡಿಟಿಂಗ್‌ನಂತೆ ಅವವೇ ಹತ್ತಾರು ಆಜ್ಞೆಗಳನ್ನು ಒಂದೇ ಮೇಜಿನಲ್ಲಿ ಕೂತು ಕೊಡುವವರು ಪ್ಯಾಡ್ ಕೊಳ್ಳಲಿ. ನನ್ನಂತೆ ಎರಡು ಕಡೆ ಎರಡು ಕಂಪ್ಯೂಟರ್ ಬಳಸುವವರು, ಎರಡು ಭಾಷೆಯಲ್ಲಿ ಬರೆಯುವವರು, ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿ ಹುಡುಕುವ ಮೊದಲು ಒಂದು ವಾರ ಸ್ಟಿಕಿ ಕೀಸ್‌ನಲ್ಲೇ ಕೆಲಸ ಮಾಡಿ ನೋಡಲಿ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ನಿಲ್ಲಿಸುವ ಆ ಒಂದು ಆಯ್ಕೆಯನ್ನು ಮಾತ್ರ ಮೊದಲ ದಿನವೇ ಆಫ್ ಮಾಡಿಡಲಿ.