ವಾಟರ್ ಪಾರ್ಕಿಗೆ ಹೊರಟಿದ್ದೀರಾ? ಮೊದಲು ನೀರು ನೋಡಿ

ಮಕ್ಕಳಿಗೆ ರಜೆ. ಮಂಡ್ಯದ ಬಿಸಿಲಿಗೆ ಮನೆಯೊಳಗೆ ಕೂರಲಾಗುತ್ತಿಲ್ಲ. ಎಲ್ಲರ ಮನೆಯಲ್ಲೂ ಈಗ ಒಂದೇ ರಾಗ, ವಾಟರ್ ಪಾರ್ಕು. ಅದಕ್ಕೇ ನಮಗಾದದ್ದನ್ನ ಬರೆಯುತ್ತಿದ್ದೇನೆ. ಜಾಗದ ಹೆಸರು ಹಾಕುವುದಿಲ್ಲ, ಇನ್‌ಬಾಕ್ಸಲ್ಲೂ ಕೇಳಬೇಡಿ. ಆ ಜಾಗ ಆರಿಸಿದ್ದು ನಾನೇ, ಬೈಗುಳದಲ್ಲಿ ಅರ್ಧ ನನಗೂ ಸೇರಬೇಕು.

ಒಟ್ಟು ಒಂಬತ್ತು ಜನ. ನಾವು ನಾಲ್ಕು, ಅತ್ತೆ, ಮೈಸೂರಿನ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ನಮ್ಮ ಯಜಮಾನರು ಬಿಡದಿ ವಂಡರ್‌ಲಾ ಅಂದರು. ನಮಗೆ 65–70 ಕಿ.ಮೀ., ದೂರ ಏನಲ್ಲ, ಆದರೆ ಅಕ್ಕನ ಮನೆಯಿಂದ ನೂರು ದಾಟುತ್ತದೆ, ಮೇಲೆ ಎಕ್ಸ್‌ಪ್ರೆಸ್‌ವೇ ಟೋಲು. ಅಕ್ಕ ಮೈಸೂರಲ್ಲೇ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಪಾರ್ಕು ಸಾಕು ಅಂದಳು. ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನನ್ನ ಫೋನಲ್ಲಿ ಒಂದು ರೀಲ್ ಬಂತು. ನೀಲಿ ನೀರು, ಡಿಜೆ, ಮಧ್ಯಾಹ್ನದ ಊಟ ಸೇರಿ ತಲೆಗೆ 499. ಒಂಬತ್ತು ತಲೆ ಲೆಕ್ಕ ಹಾಕಿದೆ, ಮುಗೀತು, ಬೇರೆ ಯಾರ ಮಾತೂ ಕಿವಿಗೆ ಬೀಳಲಿಲ್ಲ.

ಗೇಟಲ್ಲಿ ಅತ್ತೆ ಮಾಡಿ ತಂದಿದ್ದ ಚಿತ್ರಾನ್ನದ ಡಬ್ಬಿ ಹಿಡಿದಿಟ್ಟುಕೊಂಡರು. ಲಾಕರಿಗೆ ಬೇರೆ, ಟ್ಯೂಬಿಗೆ ಬೇರೆ, ನೈಲಾನ್ ಬಟ್ಟೆಗೆ ಬೇರೆ ದುಡ್ಡು. ನೈಲಾನ್ ಕೇಳುವುದರಲ್ಲಿ ತಪ್ಪಿಲ್ಲ, ಹತ್ತಿ ಬಟ್ಟೆ ನೂಲು ಬಿಟ್ಟು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಇನ್ನೂ ಹಸಿ ಆರದ ಬಾಡಿಗೆ ಬಟ್ಟೆ ನಮ್ಮ ಕೈಗೆ ಕೊಟ್ಟು, ಒಳಗೆ ನೋಡಿದರೆ ಅರ್ಧ ಜನ ಜೀನ್ಸು, ಚೂಡಿದಾರು, ಲುಂಗಿ ಸಮೇತ ನೀರಲ್ಲಿದ್ದರು. 499 ಅಂತ ಹೋದದ್ದು ಹೊರಗೆ ಬರುವಷ್ಟರಲ್ಲಿ ತಲೆಗೆ ಎಂಟುನೂರು ದಾಟಿತ್ತು. ಸರಿ, ದುಡ್ಡು ಹೋದರೆ ಹೋಗಲಿ.

ಮಗಳ ತಲೆಯ ಕ್ಲಿಪ್ಪು ಮಕ್ಕಳ ಕೊಳದಲ್ಲಿ ಬಿತ್ತು. ಕೆಂಪು ಕ್ಲಿಪ್ಪು. ನೀರು ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಬಗ್ಗಿ ನೋಡಿದರೆ ಕ್ಲಿಪ್ಪು ಬಿಡಿ, ನನ್ನ ಪಾದವೇ ಕಾಣಿಸಲಿಲ್ಲ. ಅಕ್ಕಿ ತೊಳೆದ ನೀರಿನ ಬಣ್ಣ. ಕೈಯಾಡಿಸಿದೆ, ನೆಲ ಪಾಚಿ ಕಟ್ಟಿ ಜಾರುತ್ತಿತ್ತು, ಒಂದು ಬ್ಯಾಂಡೇಜು ಕೈಗೆ ಬಂತು. ಆಗಲೇ ಮಕ್ಕಳನ್ನ ಎಳೆದುಕೊಂಡು ಹೊರಡಬೇಕಿತ್ತು. ಹೊರಡಲಿಲ್ಲ, ದುಡ್ಡು ಕೊಟ್ಟಿದ್ದೇವಲ್ಲ ಅಂತ! ಮೂಗಿಗೆ ಕ್ಲೋರಿನ್ ವಾಸನೆ ಘಾಟಾಗಿ ಬಡಿಯುತ್ತಿತ್ತು, ಪರವಾಗಿಲ್ಲ, ಔಷಧಿ ಚೆನ್ನಾಗಿ ಹಾಕಿದ್ದಾರೆ ಅಂತ ಸಮಾಧಾನ ಮಾಡಿಕೊಂಡೆ.

ಭಾವ ಡ್ಯೂಟಿ ಮುಗಿಸಿ ಮಧ್ಯಾಹ್ನ ಬಂದರು. ಅವರು ಒಂದು ಹೋಟೆಲಿನ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ, ಅಲ್ಲಿನ ಈಜುಕೊಳವೂ ಅವರ ಕೈಯಲ್ಲೇ. ಬಂದವರೇ ಮೂಗು ಮುಚ್ಚಿಕೊಂಡು "ಮಕ್ಕಳನ್ನ ಮೊದಲು ಆಚೆ ಕರೀಮ್ಮ" ಅಂದರು. ಅವರು ಹೇಳಿದ್ದು ಇಷ್ಟು: ಚೆನ್ನಾಗಿರುವ ಕೊಳ ಹಾಗೆ ಘಾಟು ಹೊಡೆಯುವುದೇ ಇಲ್ಲ. ಜನರ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಅಂತ ಆಗುತ್ತದೆ, ಕಣ್ಣು ಉರಿಸುವ ಆ ವಾಸನೆ ಅದರದ್ದು. ಅಂದರೆ ಕ್ಲೋರಿನ್ ಅಲ್ಲೇ ಖರ್ಚಾಗಿ ಹೋಗಿದೆ, ರೋಗಾಣು ಕೊಲ್ಲುವುದಕ್ಕೆ ಸಾಕಷ್ಟು ಉಳಿದಿಲ್ಲ. ಕೊಳದಲ್ಲಿ ಕ್ಲೋರಿನ್ ಕಡೇಪಕ್ಷ 1 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ಇರಬೇಕಂತೆ. ದಿನದ ರೀಡಿಂಗ್ ಬರೆದಿಡುವ ಪುಸ್ತಕ ತೋರಿಸಿ ಅಂತ ಆಫೀಸಲ್ಲಿ ಕೇಳಿದರು. ಅಲ್ಲಿದ್ದವನು ಎದುರು "ಯಾವ ಪುಸ್ತಕ ಸಾರ್?" ಅಂದ.

ಅಷ್ಟರಲ್ಲಿ ಅಕ್ಕನ ಮಗ ದೊಡ್ಡ ಸ್ಲೈಡಿಂದ ಅಳುತ್ತಾ ಬಂದ. ಮೋಟಾರು ನಿಂತು ನಿಂತು ಬರುತ್ತಿತ್ತು, ಸ್ಲೈಡಲ್ಲಿ ನೀರೇ ಇರಲಿಲ್ಲ, ಎರಡು ಫೈಬರ್ ತುಂಡು ಸೇರುವ ಕಡೆ ಎದ್ದಿದ್ದ ಅಂಚಿಗೆ ಎಂಸೀಲ್ ಮೆತ್ತಿದ್ದರು, ಅದಕ್ಕೆ ಉಜ್ಜಿ ಮೊಣಕೈ ಚರ್ಮ ಕಿತ್ತು ಬಂದಿತ್ತು. ಸ್ಲೈಡಿನ ಕೆಳಗೆ ಲೈಫ್‌ಗಾರ್ಡ್ ಟೀಶರ್ಟ್ ಹಾಕಿಕೊಂಡು ನಿಂತಿದ್ದ ಹುಡುಗ ಫೋನಲ್ಲಿ ಐಪಿಎಲ್ ನೋಡುತ್ತಿದ್ದ. ಈಜು ಬರುತ್ತಾ ಅಂದೆ. "ಸ್ವಲ್ಪ ಬರುತ್ತೆ ಆಂಟಿ." ಅವನ ಮೇಲೆ ಕೋಪ ಬರಲಿಲ್ಲ, ಹದಿನೇಳೋ ಹದಿನೆಂಟೋ ಇರಬೇಕು. ಅವನನ್ನ ಅಲ್ಲಿ ನಿಲ್ಲಿಸಿದವರ ಮೇಲೆ ಬಂತು.

ಅತ್ತೆ ಮಾತ್ರ ನೆರಳಲ್ಲಿ ಕೂತು "ಇದಕ್ಕಿಂತ ನಮ್ಮೂರ ನಾಲೆ ನೀರು ವಾಸಿ" ಅಂತ ಗೊಣಗುತ್ತಿದ್ದರು. (ಯಾರೂ ಆ ಮಾತು ನಂಬಿಕೊಂಡು ನಾಲೆಗೋ ಕಾವೇರಿಯ ಬಲಮುರಿಗೋ ಮಕ್ಕಳನ್ನ ಇಳಿಸಬೇಡಿ. ಅಲ್ಲಿ ಮುಳುಗಿದವರ ಸುದ್ದಿ ಓದುತ್ತಲೇ ಇರುತ್ತೇವೆ.)

ಮನೆಗೆ ಬಂದ ಎರಡನೇ ದಿನಕ್ಕೆ ಮಗಳಿಗೆ ಭೇದಿ, ಅಕ್ಕನ ಚಿಕ್ಕವಳಿಗೆ ವಾಂತಿ. ಡಾಕ್ಟರು ಮೊದಲು ಕೇಳಿದ್ದೇ "ಪಾರ್ಕಿನ ನೀರು ಕುಡಿದಿದ್ದಾಳಾ?" ಅಂತ. ನೀರಲ್ಲಿ ಆಡುವ ಮಕ್ಕಳು ಕುಡಿಯದೆ ಇರುತ್ತಾರಾ! ಭೇದಿ ತರಿಸುವ ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಸೂಕ್ಷ್ಮಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಒಂದು ವಾರಕ್ಕಿಂತ ಜಾಸ್ತಿ ಬದುಕುತ್ತದಂತೆ. ನಮ್ಮವರಿಗೆ ಆಗಿದ್ದು ಅದೇ ಅಂತ ನಾನು ಹೇಳುತ್ತಿಲ್ಲ, ಪರೀಕ್ಷೆ ಮಾಡಿಸಲಿಲ್ಲ. ಓಆರ್‌ಎಸ್ ಕುಡಿಸಿ ನಾಲ್ಕು ದಿನಕ್ಕೆ ಸುಧಾರಿಸಿದರು. ಭೇದಿ ಆಗುತ್ತಿರುವ ಮಗುವನ್ನ ಮಾತ್ರ ಯಾವ ಕೊಳಕ್ಕೂ ಇಳಿಸಬೇಡಿ, ಬೇರೆಯವರ ಮಕ್ಕಳಿಗೆ ಹೋಗುವುದು ಹಾಗೇ.

ಪಾರ್ಕಿಗೆ ಫೋನ್ ಮಾಡಿದರೆ ದುಡ್ಡು ವಾಪಸ್ ಇಲ್ಲ, ಇನ್ನೊಂದು ದಿನ ಬನ್ನಿ, ಇಬ್ಬರಿಗೆ ಫ್ರೀ ಪಾಸ್ ಕೊಡುತ್ತೇವೆ ಅಂದರು. ಯಜಮಾನರು ಏನೂ ಅನ್ನಲಿಲ್ಲ. ಆ ಮೌನ ಬೈಗುಳಕ್ಕಿಂತ ಜೋರಾಗಿತ್ತು.

ಮುಂದಿನ ತಿಂಗಳು ಮತ್ತೆ ಹೊರಡುವುದಿದೆ, ಮಕ್ಕಳು ಬಿಡುವುದಿಲ್ಲ. ಈ ಸಲ ಟಿಕೆಟ್ಟಿಗೆ ಮುಂಚೆ ಕೊಳದ ತಳ ಕಾಣಿಸುತ್ತಾ ಅಂತ ಇಣುಕಿ ನೋಡುತ್ತೇನೆ, ನೋಡಲು ಬಿಡದಿದ್ದರೆ ಗೇಟಿಂದಲೇ ವಾಪಸ್. ನಿಮ್ಮಲ್ಲಿ ಯಾರಾದರೂ ಈಚೆಗೆ ಮೈಸೂರು ಕಡೆಯೋ ಬಿಡದಿ ಕಡೆಯೋ ಹೋಗಿಬಂದಿದ್ದರೆ ನೀರು ಹೇಗಿತ್ತು ಅಂತ ಬರೆಯಿರಿ. ಊಟದ ವಿಷಯ ಬೇಡ, ಬರೀ ನೀರಿನದು.