ಒಂಬೈನೂರರ ಲೈಫ್ ಪ್ಲಾನರೋ, ಅವೆನ್ಯೂ ರಸ್ತೆಯ ಕಿರ್ದಿ ಪುಸ್ತಕವೋ?

ಬೆಂಗಳೂರಿನ ಚರ್ಚ್ ಸ್ಟ್ರೀಟಿನಿಂದ ಹಿಡಿದು ಜಯನಗರ 4ನೇ ಬ್ಲಾಕಿನವರೆಗೆ, ಯಾವ ದೊಡ್ಡ ಸ್ಟೇಷನರಿ ಅಂಗಡಿಗೆ ಹೊಕ್ಕರೂ ಈಗ ಒಂದು ಕಪಾಟು ‘ಲೈಫ್ ಪ್ಲಾನರ್’ಗಳಿಗೇ ಮೀಸಲು. ಎ5 ಅಳತೆ, ಗಟ್ಟಿ ರಟ್ಟು, ಎಲಾಸ್ಟಿಕ್ ಪಟ್ಟಿ, ಎರಡು ರಿಬ್ಬನ್ನು. ಬೆಲೆ ಹೆಚ್ಚುಕಮ್ಮಿ ರೂ. 600ರಿಂದ ರೂ. 1,200. ‘ನಿಮ್ಮ ಬದುಕಿನ ಉದ್ದೇಶ ಕಂಡುಕೊಳ್ಳಿ, 90 ದಿನಗಳಲ್ಲಿ ಅದರತ್ತ ಸಾಗಿ’ ಅನ್ನುವುದು ಎಲ್ಲದರ ಒಕ್ಕಣೆ. ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಒಂದೇ. ಹಾಗಾಗಿ ಇಲ್ಲಿ ಯಾವುದೋ ಒಂದು ಕಂಪನಿಯ ಮಾಲನ್ನಲ್ಲ, ಈ ಇಡೀ ಜಾತಿಯನ್ನೇ ನೋಡೋಣ. ಪಕ್ಕಕ್ಕೆ ಅವೆನ್ಯೂ ರಸ್ತೆಯ ಕೆಂಪು ರಟ್ಟಿನ ಕಿರ್ದಿ ಪುಸ್ತಕವನ್ನೂ, ಅಂದರೆ ಅಂಗಡಿಯವರು ದಿನದ ಜಮಾ-ಖರ್ಚು ಬರೆದಿಡುವ ಲೆಕ್ಕದ ಪುಸ್ತಕವನ್ನೂ, ಇಟ್ಟುಕೊಳ್ಳೋಣ.

ಕಾಗದದ ವಿಚಾರ ಬೇಗ ಮುಗಿಸಬಹುದು. 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಇದ್ದರೆ 0.5 ಜೆಲ್ ಪೆನ್ನಿಗೆ ಸಾಕು. ಫೌಂಟನ್ ಪೆನ್ನಿನವರು 100 ಜಿಎಸ್‌ಎಂ ಹುಡುಕಿ. ಬೈಂಡಿಂಗ್ ಮಾತ್ರ ಬೆನ್ನು ನೋಡಿ ತಗೊಳ್ಳಿ. ದಾರ ಹಾಕಿ ಹೊಲಿದದ್ದು ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಬರೀ ಗೋಂದು ಹಚ್ಚಿದ್ದು ಎರಡನೇ ತಿಂಗಳಿಗೆ ಹಾಳೆ ಉದುರಿಸುತ್ತದೆ. ದಿನಾಂಕ ಅಚ್ಚಾಗಿರುವುದನ್ನು ಬಿಟ್ಟುಬಿಡಿ. ಎರಡು ವಾರ ತಪ್ಪಿದರೆ ಆ ಖಾಲಿ ಪುಟಗಳು ದಿನಾ ಮುಖಕ್ಕೆ ಹೊಡೆಯುತ್ತವೆ, ಪುಸ್ತಕ ಅಟ್ಟ ಸೇರುತ್ತದೆ.

ಇನ್ನು ಮೊದಲ ಮೂವತ್ತು ಪುಟ. ಇಲ್ಲೇ ಇರುವುದು ಇವುಗಳ ಜೋರು, ಇವುಗಳ ಪೊಳ್ಳು ಕೂಡ.

ಎಲ್ಲದರಲ್ಲೂ ಒಂದು ‘ಜೀವನ ಚಕ್ರ’ ಇರುತ್ತದೆ. ಆರೋಗ್ಯ, ಹಣ, ಸಂಸಾರ, ಕೆಲಸ ಅಂತ ಎಂಟು ಭಾಗ. ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ಮಂಗಳವಾರ ಸಂಜೆ ಸಿಲ್ಕ್ ಬೋರ್ಡ್ ದಾಟಿ ಬಂದವರು ‘ಕೆಲಸ’ಕ್ಕೆ ಮೂರು ಕೊಡುತ್ತಾರೆ, ಭಾನುವಾರ ಬೆಳಿಗ್ಗೆ ದೋಸೆ ತಿಂದ ಮೇಲೆ ಅದಕ್ಕೇ ಏಳು. ಚಕ್ರ ಅಳೆಯುವುದು ಆ ಹೊತ್ತಿನ ಮನಸ್ಸನ್ನು. ಅಂಕದ ಜಾಗದಲ್ಲಿ ಕಳೆದ 14 ದಿನಗಳಲ್ಲಿ ನಿಜವಾಗಿ ನಡೆದ ಒಂದು ಸಂಗತಿ ಬರೆಯಿರಿ. ‘ಸಂಸಾರ: 4’ ಅಂದರೆ ಏನೂ ತಿಳಿಯುವುದಿಲ್ಲ, ‘ಮಗಳ ಜತೆ ಕೂತು ಉಂಡದ್ದು ಎರಡು ರಾತ್ರಿ’ ಅಂದರೆ ಮುಂದೇನು ಮಾಡಬೇಕು ಅನ್ನುವುದು ಅದರಲ್ಲೇ ಇದೆ.

ಆಮೇಲೆ ಬರುವುದು ನಾಲ್ಕು ವೃತ್ತಗಳ ‘ಇಕಿಗೈ’ (ಬದುಕಲು ಕಾರಣ) ಚಿತ್ರ: ಇಷ್ಟದ್ದು, ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದ್ದು, ಸಂಬಳ ತರುವುದು ನಾಲ್ಕೂ ಕೂಡುವ ನಡುಜಾಗವೇ ನಿಮ್ಮ ಉದ್ದೇಶವಂತೆ. ಜಪಾನಿನ ಪುರಾತನ ಜ್ಞಾನ ಎಂಬಂತೆ ಅಚ್ಚು ಹಾಕಿರುತ್ತಾರೆ. ಪದವೇನೋ ಜಪಾನಿನದೇ; ಚಿತ್ರ ಅಲ್ಲಿಯದಲ್ಲ. ಸ್ಪೇನಿನ ಆಂಡ್ರೆಸ್ ಜುಜುನಾಗಾ ‘ಉದ್ದೇಶ’ ಎಂದು ಬರೆದಿದ್ದ ನಾಲ್ಕು ವೃತ್ತಗಳ ನಡುವೆ 2014ರಲ್ಲಿ ಮಾರ್ಕ್ ವಿನ್ ಎಂಬವರು ‘ಇಕಿಗೈ’ ಪದ ಕೂರಿಸಿದರು, ಅಲ್ಲಿಂದ ಅದು ಊರೆಲ್ಲ ಹಬ್ಬಿತು. ಚಿತ್ರ ಎಲ್ಲಿಯದಾದರೂ ಪರವಾಗಿಲ್ಲ, ತೊಂದರೆ ಇರುವುದು ಬೇರೆ ಕಡೆ. ನಾಲ್ಕು ವೃತ್ತಗಳಲ್ಲಿ ಒಂದು ‘ಇದಕ್ಕೆ ಸಂಬಳ ಸಿಗುತ್ತದೆಯೇ’ ಎಂಬುದು. ಹಗಲು ಬ್ಯಾಂಕಿನಲ್ಲಿ ದುಡಿದು ಸಂಜೆ ಬೀದಿಯ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುವವರು ಈ ಚಿತ್ರದ ಪ್ರಕಾರ ಉದ್ದೇಶ ತಪ್ಪಿದವರು! ಈ ಪುಟವನ್ನು ಸ್ಟೇಪಲ್ ಹೊಡೆದು ಮುಚ್ಚಿದರೂ ನಷ್ಟವಿಲ್ಲ.

ಯಾವ ಪ್ಲಾನರಿನಲ್ಲೂ ಇಲ್ಲದ ಪುಟವೆಂದರೆ ಗಂಟೆಗಳ ಲೆಕ್ಕ. ವಾರಕ್ಕೆ 168 ಗಂಟೆ. ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಓಡಾಡುವ ಒಬ್ಬರದನ್ನು ಬಿಡಿಸೋಣ. ನಿದ್ದೆ 49. ಊಟದ ಬಿಡುವೂ ಸೇರಿ ಕಚೇರಿ 45. ಓಡಾಟ ದಿನಕ್ಕೆ ಮೂರರಂತೆ 15. ಸ್ನಾನ, ತಿಂಡಿ, ಅಡುಗೆ, ಪಾತ್ರೆ, ಬಟ್ಟೆ ಒಟ್ಟು 21. ಉಳಿದದ್ದು 38. ದಿನಸಿ, ಮಕ್ಕಳ ಹೋಂವರ್ಕು, ಅಪ್ಪ-ಅಮ್ಮನ ಆಸ್ಪತ್ರೆ, ನೆಂಟರ ಮನೆ ಗೃಹಪ್ರವೇಶಕ್ಕೆ 16 ಕಳೆಯಿರಿ: 22. ಫೋನಿನ ಸೆಟ್ಟಿಂಗ್ಸ್ ತೆರೆದು ಸ್ಕ್ರೀನ್ ಟೈಮ್ ನೋಡಿ, ಅಂದಾಜಿನಲ್ಲಿ ಹೇಳಬೇಡಿ. ದಿನಕ್ಕೆ ಎರಡು ಗಂಟೆ ಅಂತಿದ್ದರೆ 14. ಕೈಯಲ್ಲಿ ಉಳಿದದ್ದು ಎಂಟೇ ಗಂಟೆ.

ಪ್ಲಾನರ್ ಕೇಳುವುದು ಏನು? ಎಂಟು ವಿಭಾಗ, ಒಂದೊಂದಕ್ಕೆ ಮೂರು ಗುರಿ. ಎಂಟು ಗಂಟೆಯನ್ನು 24 ಗುರಿಗಳಿಗೆ ಹಂಚಿದರೆ ತಲಾ 20 ನಿಮಿಷ. ಸೋಲು ಇಲ್ಲೇ ಅಚ್ಚಾಗಿದೆ. ಕೊಂಡವರು ಮಾತ್ರ ತಮಗೆ ಶಿಸ್ತಿಲ್ಲ ಅಂದುಕೊಳ್ಳುತ್ತಾರೆ. ಎಂಟು ಗಂಟೆ ಇದ್ದವರಿಗೆ ಮೂರು ತಿಂಗಳಿಗೆ ಎರಡು ಗುರಿ ಸಾಕು. ಮೂರನೆಯದು ಬೇಕೇ ಬೇಕೆಂದರೆ ಯಾವುದನ್ನು ಬಿಡುತ್ತೀರೋ ಅದನ್ನು ಅದರ ಪಕ್ಕದಲ್ಲೇ ಬರೆಯಬೇಕು.

ಗುರಿ ಬರೆಯುವ ಭಾಷೆಯ ಬಗ್ಗೆ ಒಂದು ಮಾತು. ಇವೆಲ್ಲ ಇಂಗ್ಲಿಷಿನಲ್ಲೇ ಬರುತ್ತವೆ, ಬರೆಯುವವರೂ ಇಂಗ್ಲಿಷಿನಲ್ಲೇ ‘ಬಿ ಮೋರ್ ಪ್ರೆಸೆಂಟ್’ ಅಂತ ಗೀಚಿ ಸಮಾಧಾನಪಡುತ್ತಾರೆ. ಅದನ್ನೇ ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡಿ. ‘ಹಾಗಂದ್ರೆ ಏನ್ ಮಾಡ್ತೀಯ?’ ಅಂತ ಕೇಳುತ್ತಾರೆ. ‘ರಾತ್ರಿ ಊಟದ ಹೊತ್ತಿಗೆ ಫೋನು ದೇವರ ಗೂಡಿನ ಪಕ್ಕ ಇಡ್ತೀನಿ’ ಅಂದರೆ ತಲೆಯಾಡಿಸುತ್ತಾರೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಪ್ಲಾನರಿನಲ್ಲೂ ಇಲ್ಲ. ಗುರಿಯನ್ನು ‘ಇದಾದ ಮೇಲೆ ಅದು’ ಎಂಬ ಕಟ್ಟಿನಲ್ಲಿ ಬರೆಯಿರಿ: ‘ಹಾಲು ಕಾಯಿಸಿಟ್ಟ ಮೇಲೆ ಚಪ್ಪಲಿ ಮೆಟ್ಟಿ ಕೆರೆ ಏರಿಯ ಮೇಲೆ ಎರಡು ಸುತ್ತು.’ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದ್ದು ಇದನ್ನೇ. ಎಲ್ಲಿ, ಯಾವಾಗ, ಹೇಗೆ ಅಂತ ಮೊದಲೇ ಕಟ್ಟಿಟ್ಟ ಸಂಕಲ್ಪ ಬರೀ ಇಚ್ಛೆಗಿಂತ ಹೆಚ್ಚು ಕೈಗೂಡುತ್ತದೆ.

21 ಚೌಕಗಳ ಅಭ್ಯಾಸ ಪಟ್ಟಿಯೂ ಎಲ್ಲದರಲ್ಲೂ ಇದೆ. ಈ 21 ಬಂದದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಮಾತಿನಿಂದ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಅಂದಿದ್ದರು. ‘ಕಡಿಮೆಯೆಂದರೂ’ ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು, ಸಂಖ್ಯೆ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದ ಅಧ್ಯಯನದಲ್ಲಿ ಅಭ್ಯಾಸ ಕೂರಲು ಹಿಡಿದ ಅವಧಿಯ ಮಧ್ಯಮಾಂಕ 66 ದಿನ. ಒಬ್ಬೊಬ್ಬರಿಗೆ 18ರಿಂದ 254ರವರೆಗೆ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಿರಲಿಲ್ಲ. ಆದರೆ ಈ ಪಟ್ಟಿಯಲ್ಲಿ ಸರಪಳಿ ಕಡಿದರೆ ಮೊದಲಿಂದ ಶುರು ಮಾಡಿ ಅಂತ ಬರೆದಿರುತ್ತದೆ. ಹಬ್ಬಕ್ಕೆ ಊರಿಗೆ ಹೋದವರೆಲ್ಲ ಅಲ್ಲಿಗೇ ಕೈಬಿಡುತ್ತಾರೆ.

ಈಗ ಕಿರ್ದಿ ಪುಸ್ತಕ. ಹಸಿರು ಮಾರ್ಗದ ಚಿಕ್ಕಪೇಟೆ ಮೆಟ್ರೋ ಇಳಿದು ಅವೆನ್ಯೂ ರಸ್ತೆಗೆ ನಡೆದರೆ ಲೆಕ್ಕದ ಪುಸ್ತಕದ ಅಂಗಡಿಗಳು ಸಿಗುತ್ತವೆ. ಇನ್ನೂರು ಪುಟದ ಗಟ್ಟಿ ರಟ್ಟಿನದು ಪ್ಲಾನರಿನ ಕಾಲು ಬೆಲೆಯ ಆಸುಪಾಸು. ಪ್ಲಾನರ್ ಬರೆಸುವುದು ಆಗಬೇಕಾದ್ದನ್ನು. ಕಿರ್ದಿ ಬರೆಯುವುದು ಆದದ್ದನ್ನು. 90 ದಿನದ ಪ್ಲಾನರಿನಲ್ಲಿ ದಿನದ ಪುಟ 90, ವಾರದ ಪರಿಶೀಲನೆಗೆ ಅರ್ಧರ್ಧ ಪುಟ. ಈ ಪ್ರಮಾಣ ತಲೆಕೆಳಗಾಗಬೇಕಿತ್ತು.

ವಾರಕ್ಕೊಂದು ಜೋಡಿ ಪುಟ ತೆಗೆದುಕೊಳ್ಳಿ. ಎಡಕ್ಕೆ ಜಮಾ: ಈ ವಾರ ಕೈಯಲ್ಲಿರುವ ಗಂಟೆ ಎಷ್ಟು, ಯಾವ ದಿನ ಎಷ್ಟು ಹೊತ್ತಿಗೆ. ಬಲಕ್ಕೆ ಖರ್ಚು: ಅವು ಹೋದದ್ದು ಎಲ್ಲಿಗೆ. ಕೆಳಗೆ ಬಾಕಿ: ಆಗದೆ ಉಳಿದದ್ದು, ಅದರ ಎದುರು ಐದರಲ್ಲಿ ಒಂದು ಪದ. ಸಮಯ, ಸುಸ್ತು, ಭಯ, ಬೇರೆಯವರು, ಮರೆವು. ಈ ಒಂದು ಪದವೇ ಇಡೀ ವ್ಯವಸ್ಥೆಯ ಜೀವ, ಏಕೆಂದರೆ ಒಂದೊಂದಕ್ಕೂ ಮದ್ದು ಬೇರೆ. ಸಮಯ ಅಂತಿದ್ದರೆ ಕೆಲಸವನ್ನು ಅರ್ಧಕ್ಕೆ ಇಳಿಸಿ. ಸುಸ್ತು ಅಂತಿದ್ದರೆ ಕೆಲಸ ಹಾಗೇ ಇರಲಿ, ಹೊತ್ತು ಬದಲಾಯಿಸಿ; ರಾತ್ರಿ ಒಂಬತ್ತೂವರೆಗೆ ಸಂಗೀತಾಭ್ಯಾಸ ಯಾರಿಂದಲೂ ಆಗದು. ಭಯ ಇದ್ದರೆ ಮೊದಲ ಹೆಜ್ಜೆ ದೊಡ್ಡದಾಗಿದೆ: ‘ಕೆಲಸ ಬದಲಿಸು’ ಹೊಡೆದುಹಾಕಿ ‘ರೆಸ್ಯೂಮೆಯ ಮೊದಲ ನಾಲ್ಕು ಸಾಲು’ ಎಂದು ಬರೆಯಿರಿ. ಬೇರೆಯವರು ಎಂದರೆ ಅದು ಪುಸ್ತಕದಲ್ಲಿ ಬಗೆಹರಿಯದು, ಅವರ ಜತೆ ಕೂತು ಮಾತಾಡುವುದನ್ನೇ ಮುಂದಿನ ವಾರದ ಕೆಲಸ ಮಾಡಿ. ಮರೆವಿಗೆ ಮೇಲೆ ಹೇಳಿದ ಹಾಲಿನ ಪಾತ್ರೆ.

ಒಂದೇ ಬಾಕಿ ಮೂರು ವಾರ ಮುಂದಕ್ಕೆ ಹೋದರೆ ಕೆಂಪು ಶಾಯಿಯಲ್ಲಿ ವಜಾ. ಇದಕ್ಕೆ ಕರುಣೆ ಬೇಡ. ಬದುಕಿನ ಉದ್ದೇಶವೇನು ಅಂತ ಖಾಲಿ ಪುಟ ನೋಡುತ್ತಾ ಕೂತರೆ ಹೊಳೆಯದ್ದು, ಹತ್ತು ವಾರದ ಕಿರ್ದಿ ತಿರುವಿದರೆ ಕಾಣತೊಡಗುತ್ತದೆ. ಯಾರೂ ಹೇಳದೆಯೂ ಗಂಟೆ ಹೋಗಿರುವುದು ಎಲ್ಲಿಗೆ, ವಜಾ ಮಾಡಿದಾಗ ಕೈ ತಡೆದದ್ದು ಯಾವುದಕ್ಕೆ, ಈ ಎರಡನ್ನು ಗುರುತು ಹಾಕಿಕೊಳ್ಳಿ. ಉದ್ದೇಶದ ವಾಕ್ಯವನ್ನು ಆಗ ಬರೆಯಿರಿ: ಯಾರಿಗಾಗಿ, ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ.

13 ವಾರದ ಅವಧಿ ಹಾಕಿಕೊಂಡರೆ ಎರಡು ವಾರ ಖಾಲಿ ಬಿಡಿ. ನವರಾತ್ರಿ, ಮಾರ್ಚ್ ಕೊನೆಯ ಲೆಕ್ಕ, ಶಾಲೆಯ ಪರೀಕ್ಷೆ, ಯಾವುದೋ ಒಂದು ನುಂಗಿಯೇ ನುಂಗುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಂಜೆಯ ಹೊರಗಿನ ಯೋಜನೆ ನೆಚ್ಚಬೇಡಿ, ಮಳೆ ಬಂದರೆ ಓಡಾಟದ ಲೆಕ್ಕವೇ ಮಗುಚುತ್ತದೆ.

ಹಾಗಾದರೆ ಪ್ಲಾನರ್ ಯಾರಿಗೆ? ಕೈಯಲ್ಲಿ ಗೆರೆ ಎಳೆಯಲು ಬೇಸರವಿರುವವರಿಗೆ, ಉಡುಗೊರೆ ಕೊಡುವವರಿಗೆ. ಕೊಳ್ಳುವುದೇ ಆದರೆ ಮೊದಲ ಮೂವತ್ತು ಪುಟ ನೋಡಬೇಡಿ. ವಾರದ ಪುಟ ಪೂರ್ತಿ ಒಂದು ಇದೆಯೇ, ಅದರಲ್ಲಿ ‘ಏಕೆ ಆಗಲಿಲ್ಲ’ ಎಂಬುದಕ್ಕೆ ಜಾಗ ಇದೆಯೇ ನೋಡಿ. ಇಲ್ಲದಿದ್ದರೆ ವಾಪಸ್ ಇಡಿ. ಮೊಬೈಲ್ ಆ್ಯಪ್‌ಗಳು ನೆನಪಿಸಲು ಚೆನ್ನ, ತಿರುವಿ ನೋಡಲು ಅಲ್ಲ.

ಕಿರ್ದಿ ಕೊಳ್ಳಲು ಹೋಗುವವರು ವಾರದ ದಿನವೇ ಹೋಗಿ, ಭಾನುವಾರ ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಮುಂಚೆ ಹೋದರೆ ಆಯ್ಕೆ ಹೆಚ್ಚು, ನೂಕುನುಗ್ಗಲೂ ಹೆಚ್ಚು. ರೂಪಾಯಿ-ಪೈಸೆಯ ಕಾಲಂ ಇರುವುದು ಕೊಟ್ಟರೆ ಬೇಡ ಅನ್ನಬೇಡಿ: ರೂಪಾಯಿಯ ಮನೆಯಲ್ಲಿ ಗಂಟೆ, ಪೈಸೆಯ ಮನೆಯಲ್ಲಿ ನಿಮಿಷ ಸರಿಯಾಗಿ ಕೂರುತ್ತವೆ.